ಆಸ್ಕರ್, ಏಂಜಲ್, ಯೆಲ್ಲೋ ಲ್ಯಾಬ್ ಎಲ್ಲಾ ಒಂದೇ ಟ್ಯಾಂಕಲ್ಲಿ: ಯಾರನ್ನು ಉಳಿಸಿಕೊಳ್ಳಲಿ?

ಕೆಂಗೇರಿ ಅಪ್ಪ:

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳ ಹಿಂದೆ ಮಗಳ ಹುಟ್ಟುಹಬ್ಬಕ್ಕೆ ಮೀನಿನ ಟ್ಯಾಂಕ್ ತಂದೆ. 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರ. ಸುಮಾರು 190 ಲೀಟರ್. ಮೀನು ಆರಿಸಿದ್ದು ಅವಳೇ, ಬಣ್ಣ ನೋಡಿ. ಐದು ಯೆಲ್ಲೋ ಲ್ಯಾಬ್, ಹಳದಿ ಮೈಮೇಲೆ ಕಪ್ಪು ಪಟ್ಟೆ ಇರುವ ಎರಡು, ಎರಡು ಏಂಜಲ್, ಒಂದು ಪುಟ್ಟ ಆಸ್ಕರ್. "ಎಲ್ಲಾ ಸಿಕ್ಲಿಡ್ಡೇ ಸಾರ್, ಒಟ್ಟಿಗೆ ಇರ್ತಾವೆ" ಅಂದರು ಅಂಗಡಿಯವರು. ನಾನೂ ನಂಬಿದೆ.

ಹೋದ ಭಾನುವಾರ ಒಂದು ಏಂಜಲ್ ಸತ್ತಿತು. ಇನ್ನೊಂದು ಫಿಲ್ಟರ್ ಪೈಪಿನ ಹಿಂದೆ ಅಂಟಿಕೊಂಡು ನಿಂತಿದೆ. ಬಾಲದಲ್ಲಿ ಉಳಿದಿರುವುದು ನಾಲ್ಕು ಕಡ್ಡಿ ಅಷ್ಟೇ. ಪಟ್ಟೆ ಮೀನುಗಳಲ್ಲಿ ಒಂದು ಹಳದಿಯಾಗೇ ಇದೆ, ಇನ್ನೊಂದು ದಿನೇ ದಿನೇ ಕಪ್ಪಾಗುತ್ತಿದೆ. ಕಾಯಿಲೆಯಾ? ತಂದಾಗ ಎರಡೂ ಒಂದೇ ಥರ ಇದ್ದವು. ಆಸ್ಕರ್ 2 ಇಂಚು ಇದ್ದದ್ದು ಈಗ 5 ಇಂಚು.

ಮಗಳಿಗೆ ಚಿಂತೆ ಆಗಿರುವುದು ಮಾತ್ರ ಬೇರೆಯದಕ್ಕೆ. ಒಂದು ಯೆಲ್ಲೋ ಲ್ಯಾಬ್ ಆರು ದಿನದಿಂದ ಏನೂ ತಿಂದಿಲ್ಲ. ಗಂಟಲು ಕೆಳಗೆ ಜೋತಿದೆ. ಬಾಯಿ ತುಂಬ ಎಲೆಅಡಿಕೆ ಹಾಕಿಕೊಂಡವರ ಹಾಗೆ ದವಡೆ ಆಡಿಸುತ್ತದೆ, ಆದರೆ ಉಗುಳುವುದೂ ಇಲ್ಲ, ನುಂಗುವುದೂ ಇಲ್ಲ.

ನೀರು ಬೋರ್‌ವೆಲ್‌ದು, ಟಿಡಿಎಸ್ (ಕರಗಿದ ಲವಣಾಂಶ) 740. ಊಟ ಫ್ರೋಜನ್ ಬ್ಲಡ್‌ವರ್ಮ್ (ಕೆಂಪು ಹುಳು), ದಿನಕ್ಕೆ ಎರಡು ಸಲ. ಔಷಧಿ ಏನಾದರೂ ಹಾಕಬೇಕಾ?

ತೊಟ್ಟಿಮನೆ, ಮೈಸೂರು:

ಔಷಧಿ ಹಾಕಬೇಡಿ! ನಿಮ್ಮ ಹಳದಿ ಮೀನಿಗೆ ಕಾಯಿಲೆ ಇಲ್ಲ, ಬಾಯಲ್ಲಿ ಮೊಟ್ಟೆ ಇದೆ. ಮಲಾವಿ ಸರೋವರದ ಈ ಮೀನುಗಳಲ್ಲಿ ತಾಯಿ ಮೊಟ್ಟೆ ಇಟ್ಟ ಕೂಡಲೇ ಬಾಯೊಳಗೆ ತೆಗೆದುಕೊಳ್ಳುತ್ತಾಳೆ. ಸುಮಾರು ಮೂರು ವಾರ ಹಾಗೇ ಇರುತ್ತಾಳೆ, ಊಟ ಹೆಚ್ಚುಕಮ್ಮಿ ಬಂದ್. ದವಡೆ ಆಡಿಸುವುದು ಮೊಟ್ಟೆಗಳನ್ನು ಹೊರಳಿಸಲು. ಹದಿನೈದನೇ ದಿನದ ಹೊತ್ತಿಗೆ ಟಾರ್ಚ್ ಹಿಡಿದು ನೋಡಿ, ಬಾಯಿ ತೆರೆದಾಗ ಪುಟ್ಟ ಪುಟ್ಟ ಕಣ್ಣು ಕಾಣಿಸಬಹುದು. ನನಗೆ ಮೊದಲ ಸಲ ಕಂಡಾಗ ಒಲೆ ಮೇಲಿನ ಹಾಲು ಉಕ್ಕಿ ಹೋಗಿತ್ತು.

ಕಪ್ಪಾಗುತ್ತಿರುವುದೂ ಕಾಯಿಲೆಯಲ್ಲ. ಅದು ಆರಾಟಸ್. ಮರಿಯಲ್ಲಿ ಗಂಡು ಹೆಣ್ಣು ಎರಡೂ ಹಳದಿ. ಗಂಡು ಬೆಳೆದು ಯಜಮಾನಿಕೆ ಮಾಡಲು ಶುರು ಮಾಡಿದಾಗ ಕಪ್ಪಾಗುತ್ತದೆ. ಅಂದರೆ ನಿಮ್ಮ ಟ್ಯಾಂಕಿಗೆ ಈಗ ಒಬ್ಬ ಗೌಡ ಬಂದಿದ್ದಾನೆ. ಏಂಜಲ್ ಬಾಲ ಹೋಗಿದ್ದು ಇವನಿಂದಲೇ ಅಂತ ನನಗೆ ಅನುಮಾನ. 3 ಅಡಿಯಲ್ಲಿ ಗಂಡು ಆರಾಟಸ್ ಇದ್ದರೆ ಬೇರೆಯವರಿಗೆ ಉಳಿಗಾಲ ಇಲ್ಲ.

ಸಿಕ್ಲಿಡ್ ಅನ್ನುವುದು ಮನೆತನದ ಹೆಸರು ಅಷ್ಟೇ. ಹೆಸರು ಒಂದೇ ಅಂತ ಎಲ್ಲರೂ ಒಂದೇ ಅಡುಗೆಮನೆಯಲ್ಲಿ ಬಾಳುತ್ತಾರಾ? ಯೆಲ್ಲೋ ಲ್ಯಾಬ್, ಆರಾಟಸ್ ಎರಡೂ ಆಫ್ರಿಕಾದ ಮಲಾವಿಯವು. ಅಲ್ಲಿನ ನೀರು ಗಡಸು, ಪಿಎಚ್ 8ರ ಆಸುಪಾಸು. ನಿಮ್ಮ ಬೋರ್ ನೀರು ಅವಕ್ಕೆ ತವರುಮನೆ. ಆಸ್ಕರ್, ಏಂಜಲ್ ದಕ್ಷಿಣ ಅಮೆರಿಕದ ಅಮೆಜಾನ್ ಕಡೆಯವು, ಮೆದು ನೀರಿನವು. ಫಾರ್ಮಿನಲ್ಲಿ ಹುಟ್ಟಿದ ಏಂಜಲ್ ಬೋರ್ ನೀರಿಗೂ ಒಗ್ಗುತ್ತದೆ, ಸುಳ್ಳು ಹೇಳಲ್ಲ. ತಕರಾರು ಇರುವುದು ಗುಣದಲ್ಲಿ. ಮಲಾವಿಯ ಮೀನು ಕಲ್ಲಿನ ಸಂದಿಗಾಗಿ ಇಡೀ ದಿನ ಜಗಳ ಆಡುತ್ತದೆ. ಏಂಜಲ್ ಉದ್ದ ರೆಕ್ಕೆ ಇಳಿಬಿಟ್ಟುಕೊಂಡು ನಿಧಾನಕ್ಕೆ ತಿರುಗುವ ಮೀನು. ಓಡಿ ತಪ್ಪಿಸಿಕೊಳ್ಳುವುದು ಅದಕ್ಕೆ ಗೊತ್ತಿಲ್ಲ.

ಆಸ್ಕರ್ ಒಂದು ಅಡಿ ಬೆಳೆಯುತ್ತದೆ. ಬಾಯಿಗೆ ಹಿಡಿಸಿದ್ದೆಲ್ಲ ಊಟ. ಮರಿಗಳನ್ನು ಬಿಡುತ್ತದಾ?

ನನ್ನ ಮಾತು ಕೇಳಿದರೆ ಹಳದಿ ಐದನ್ನೇ ಉಳಿಸಿಕೊಳ್ಳಿ. ಜೊತೆಗೆ ಬೇಕಿದ್ದರೆ ರಸ್ಟಿ ಸಿಕ್ಲಿಡ್. ಅದೂ ಮಲಾವಿಯದೇ, ಸೌಮ್ಯ, ಮೂರ್ನಾಲ್ಕು ಇಂಚಿನದು, ಬಣ್ಣವೂ ಬೇರೆ. ಒಂದೇ ಬಣ್ಣದ ಎರಡು ಜಾತಿ ತರಬೇಡಿ, ದಾಯಾದಿ ಜಗಳ ಶುರುವಾಗುತ್ತದೆ. ಬ್ಲಡ್‌ವರ್ಮ್ ದಿನಾ ಬೇಡ, ಮಲಾವಿ ಮೀನಿಗೆ ಹೊಟ್ಟೆ ಊದಿಕೊಳ್ಳುವ ಕಾಟ ಬರುತ್ತದೆ. ಸ್ಪಿರುಲಿನಾ ಪಾಚಿ ಇರುವ ಪೆಲೆಟ್ ಹಾಕಿ. ನಾನು ಬೇಯಿಸಿದ ಬಟಾಣಿ ಸಿಪ್ಪೆ ತೆಗೆದು ಕಿವುಚಿ ಹಾಕುತ್ತೇನೆ.

ಮಲಾವಿ ಹುಚ್ಚ:

ಅಕ್ಕ ಹೇಳಿದ್ದು ಸರಿ, ಆದರೆ ಐದೇ ಮೀನು ಕಮ್ಮಿ ಆಯ್ತು ಬ್ರೋ. ಹದಿನೈದಾದರೂ ಇರಬೇಕು. ಕಮ್ಮಿ ಇದ್ದರೆ ಬಲಶಾಲಿ ಒಬ್ಬನನ್ನೇ ಹಿಡಿದು ಅಟ್ಟಾಡಿಸುತ್ತಾನೆ. ಜಾಸ್ತಿ ಇದ್ದರೆ ಏಟು ಹಂಚಿ ಹೋಗುತ್ತದೆ. ಹೊಸ ಮೀನು ಬಿಡುವ ದಿನ ಕಲ್ಲೆಲ್ಲ ಎತ್ತಿ ಬೇರೆ ಥರ ಜೋಡಿಸಿ. ಹಳಬರಿಗೂ ಜಾಗ ಹೊಸದಾಗುತ್ತದೆ.

ತೊಟ್ಟಿಮನೆ, ಮೈಸೂರು:

ಹದಿನೈದು ಮೀನಿನ ಗಲೀಜು ಯಾರು ತೊಳೆಯುತ್ತಾರೆ ತಮ್ಮಾ? ಒಳ್ಳೇ ಫಿಲ್ಟರ್ ಇದ್ದು, ವಾರವಾರ ಮೂರನೇ ಒಂದು ಭಾಗ ನೀರು ಬದಲಾಯಿಸುವ ಮನಸ್ಸಿದ್ದರೆ ಸರಿ. ಕರೆಂಟ್ ಹೋದರೆ ಬ್ಯಾಟರಿ ಪಂಪೂ ಬೇಕು. ಮೊದಲ ಟ್ಯಾಂಕಿಗೆ ಎಂಟು, ಹತ್ತು ಸಾಕು. ಒಂದು ಗಂಡಿಗೆ ಮೂರು ಹೆಣ್ಣು ಲೆಕ್ಕ. ಕಲ್ಲಿನ ಮಾತು ಮಾತ್ರ ನೂರಕ್ಕೆ ನೂರು ನಿಜ.

ಕುಡ್ಲದವ:

ಎಲ್ಲರೂ ಆಫ್ರಿಕಾ, ಅಮೆಜಾನ್ ಅಂತೀರಿ. ನಮ್ಮ ದೇಶಕ್ಕೂ ಮೂರು ಸಿಕ್ಲಿಡ್ ಇವೆ ಮಾರಾಯ್ರೆ. ಕೇರಳದವರು ಹುರಿದು ತಿನ್ನುವ ಕರಿಮೀನು ಒಂದು, ಆರೆಂಜ್ ಕ್ರೋಮೈಡ್ ಒಂದು. ಮೂರನೆಯದು ನಮ್ಮ ದಕ್ಷಿಣ ಕನ್ನಡದ ಹೊಳೆಯದು, ಹೆಸರೇ ಎಟ್ರೋಪ್ಲಸ್ ಕೆನರೆನ್ಸಿಸ್. ಅದನ್ನು ಹೊಳೆಯಲ್ಲೇ ಬಿಡಿ, ಟ್ಯಾಂಕಿಗೆ ಬೇಡ.

ಒಟ್ಟಿಗೆ ಬಾಳುವ ಸಿಕ್ಲಿಡ್ ನೋಡಬೇಕಾದರೆ ಕರಿಮೀನಿನ ಜೊತೆ ಆರೆಂಜ್ ಕ್ರೋಮೈಡ್ ನೋಡಬೇಕು. ಸಣ್ಣದು ದೊಡ್ಡದರ ಮೈಮೇಲಿನ ಪರೋಪಜೀವಿ, ಬೂಷ್ಟು ಎಲ್ಲ ಕುಕ್ಕಿ ತೆಗೆಯುತ್ತದೆ. ದೊಡ್ಡದು ಕ್ಷೌರದಂಗಡಿಯಲ್ಲಿ ಕೂತ ಹಾಗೆ ಸುಮ್ನೆ ನಿಲ್ಲುತ್ತದೆ. ಆದರೆ ಕರಿಮೀನಿಗೆ 3 ಅಡಿ ಟ್ಯಾಂಕ್ ಸಾಲದು.

ಇನ್ನೊಂದು. ಆಸ್ಕರ್ ದೊಡ್ಡದಾಯ್ತು ಅಂತ ಕೆರೆಗೆ ಬಿಟ್ಟುಬಿಡಬೇಡಿ. ತಿಲಾಪಿಯಾ ಕೂಡ ಸಿಕ್ಲಿಡ್ಡೇ, 1952ರಲ್ಲಿ ಹೊರಗಿನಿಂದ ತಂದದ್ದು. ಈಗ ಯಾವ ಕೆರೆಗೆ ಬಲೆ ಹಾಕಿದರೂ ಅದೇ.

ಕೆಂಗೇರಿ ಅಪ್ಪ:

ಅಕ್ಕಾ, ಎಲ್ಲರಿಗೂ ಥ್ಯಾಂಕ್ಸ್. ಮೂರು ವಾರದ ವರದಿ ಕೊಡುತ್ತಿದ್ದೇನೆ.

ಆಸ್ಕರ್ ಮತ್ತು ಎರಡು ಆರಾಟಸ್ ಅಂಗಡಿಗೆ ವಾಪಸ್. ದುಡ್ಡು ಕೊಡಲಿಲ್ಲ, ಒಂದು ಡಬ್ಬಿ ಪೆಲೆಟ್ ಕೊಟ್ಟರು. ಆ ಕಪ್ಪು ಗೌಡನನ್ನು ಹಿಡಿಯಲು ಒಂದು ಗಂಟೆ ಒದ್ದಾಡಿ ಅರ್ಧ ಹಾಲ್ ಒದ್ದೆ ಮಾಡಿದೆ. ಕೊನೆಗೆ ರಾತ್ರಿ ಲೈಟ್ ಆರಿಸಿ, ಕಲ್ಲೆಲ್ಲ ತೆಗೆದು, ಟಾರ್ಚ್ ಬಿಟ್ಟು ಹಿಡಿದೆ. ಏಂಜಲ್ ನಮ್ಮ ಭಾವನ ಮನೆಯ ಟ್ಯಾಂಕಿಗೆ ಹೋಯಿತು. ಬಾಲ ಚಿಗುರುತ್ತಿದೆ.

ಹಳದಿ ತಾಯಿಯನ್ನು ಬಾಲ್ಕನಿಯ ಸಣ್ಣ ಟ್ಯಾಂಕಿಗೆ ಬಿಟ್ಟಿದ್ದೆ, ಏರ್ ಪಂಪ್ ಹಾಕಿ. ನಿನ್ನೆ ಬೆಳಿಗ್ಗೆ ಮಗಳು ಸ್ಕೂಲ್ ಬ್ಯಾಗ್ ಹಾಕಿಕೊಂಡೇ ಕೂಗಿದಳು. ಹನ್ನೊಂದು ಮರಿ! ಅವಳ ಲೆಕ್ಕದಲ್ಲಿ ಹದಿಮೂರು. ತಾಯಿ ಬಡಕಲಾಗಿದ್ದಾಳೆ, ಆದರೆ ಇವತ್ತು ಎರಡು ಪೆಲೆಟ್ ತಿಂದಳು.

ಮರಿಗಳಿಗೆ ಅದೇ ಪೆಲೆಟ್ ಪುಡಿ ಮಾಡಿ ಹಾಕಬಹುದಾ?

ತೊಟ್ಟಿಮನೆ, ಮೈಸೂರು:

ಹಾಕಬಹುದು. ಬೆರಳಲ್ಲಿ ಉಜ್ಜಿ ಹಿಟ್ಟಿನ ಹಾಗೆ ಮಾಡಿ, ಒಂದು ಚಿಟಿಕೆ, ದಿನಕ್ಕೆ ಮೂರು ಸಲ. ತಾಯಿಯನ್ನು ಇನ್ನೂ ನಾಲ್ಕು ದಿನ ಒಬ್ಬಳೇ ಇಟ್ಟು ತಿನ್ನಿಸಿ, ಆಮೇಲೆ ದೊಡ್ಡ ಟ್ಯಾಂಕಿಗೆ ಬಿಡಿ. ಮರಿ ಎಷ್ಟು ಅನ್ನುವುದರಲ್ಲಿ ಮಗಳ ಲೆಕ್ಕವನ್ನೇ ಹಿಡಿಯಿರಿ. ಉಳಿದ ಎರಡು ಪಂಪಿನ ಪೈಪ್ ಹಿಂದೆ ಅಡಗಿರುತ್ತವೆ.