ಕೊನೆಯ ತೋಟಾ ಲಿಫ್ಟರ್‌ಗೆ ಬರುತ್ತಿಲ್ಲ, ಗಟ್ಟಿ ಸ್ಪ್ರಿಂಗ್ ಹಾಕಿದ ಮೇಲೆ ತೊಂದರೆ ಹೆಚ್ಚಾಗಿದೆ

ತಟ್ಟೆಗುರಿ ಕೇಳುತ್ತಾರೆ:

ನನ್ನದು 12 ಬೋರ್ ಪಂಪ್ ಆಕ್ಷನ್ ಕೋವಿ. ನಳಿಗೆಯ ಕೆಳಗಿನ ಕೊಳವೆ ಮ್ಯಾಗಜಿನ್‌ನಲ್ಲಿ ನಾಲ್ಕು ತೋಟಾ ಹಿಡಿಯುತ್ತವೆ. ಹಾರುವ ತಟ್ಟೆಗಳಿಗೆ ಗುರಿಯಿಡುವ ಅಭ್ಯಾಸಕ್ಕೆ ಮಾತ್ರ ಬಳಸುತ್ತೇನೆ. ಕಳೆದ ಕೆಲವು ತಿಂಗಳಿಂದ ಮೊದಲ ಮೂರು ಲಿಫ್ಟರ್‌ಗೆ, ಅಂದರೆ ತೋಟಾವನ್ನು ನಳಿಗೆಯ ಮಟ್ಟಕ್ಕೆ ಎತ್ತುವ ಭಾಗಕ್ಕೆ, ಸರಿಯಾಗಿ ಬರುತ್ತವೆ, ಕೊನೆಯದು ಕೊಳವೆಯೊಳಗೇ ಉಳಿದುಬಿಡುತ್ತದೆ. ಕೋವಿಯ ಬಾಯಿ ಮೇಲಕ್ಕಿದ್ದರೆ ಒಮ್ಮೊಮ್ಮೆ ಬರುತ್ತದೆ, ಕೆಳಗೆ ಬಾಗಿಸಿದರೆ ಬರುವುದೇ ಇಲ್ಲ.

ಸ್ಪ್ರಿಂಗ್ ಸೋತಿದೆ ಎಂದುಕೊಂಡು ಹೆಚ್ಚು ಉದ್ದದ, ಗಟ್ಟಿಯಾದ ಸ್ಪ್ರಿಂಗ್ ತಂದು ಹಾಕಿದೆ. ಈಗ ನಾಲ್ಕನೆಯ ತೋಟಾ ಒಳಗೆ ಹೋಗುವುದೇ ಇಲ್ಲ. ಎರಡು ಸಲ ಎರಡೆರಡು ತೋಟಾ ಒಟ್ಟಿಗೆ ನುಗ್ಗಿ ಬಂದು ಕೋವಿ ಸಿಕ್ಕಿಕೊಂಡಿತು. ತೋಟಾ ತಡೆಯುವ ಲೋಹದ ಪಟ್ಟಿಯನ್ನು, ಅಂದರೆ ಶೆಲ್ ಸ್ಟಾಪನ್ನು, ಸ್ವಲ್ಪ ಅರದಿಂದ ಉಜ್ಜಿದರೆ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದರು. ಉಜ್ಜಬಹುದೇ?

ಹೊಸಬೆಳಕು:

ಮೊದಲು ತೋಟಾಗಳನ್ನೇ ನೋಡಿ. ಪೆಟ್ಟಿಗೆಯ ಮೇಲೆ 70 ಮಿ.ಮೀ. ಎಂದು ಬರೆದಿರುವುದು ಸಿಡಿದು ಬಾಯಿ ಬಿಚ್ಚಿದ ನಂತರದ ಉದ್ದ. ಬಾಯಿಯನ್ನು ನಕ್ಷತ್ರದಂತೆ ಮಡಚಿದ ತೋಟಾ ಸಿಡಿಯುವ ಮೊದಲು ಅದಕ್ಕಿಂತ ಸುಮಾರು ಒಂದು ಸೆಂ.ಮೀ. ಗಿಡ್ಡವಾಗಿರುತ್ತದೆ. ಅಂಚನ್ನು ಒಳಕ್ಕೆ ಸುರುಳಿ ಸುತ್ತಿದ ತೋಟಾ ನಕ್ಷತ್ರದಂತೆ ಮಡಚಿದ್ದಕ್ಕಿಂತ ಉದ್ದ. ನಾಲ್ಕು ಸೇರಿದಾಗ ಆ ವ್ಯತ್ಯಾಸವೇ ಕೊಳವೆಯನ್ನು ತುಂಬಿಬಿಡಬಹುದು.

ಹಳೆಗೈ:

ದಯವಿಟ್ಟು ಶೆಲ್ ಸ್ಟಾಪಿಗೆ ಅರ ಮುಟ್ಟಿಸಬೇಡಿ. ಮೂವತ್ತು ವರ್ಷದಿಂದ ಕೋವಿ ಬಿಚ್ಚಿ ಜೋಡಿಸುವುದೇ ನನ್ನ ಕೆಲಸ. ಚೆನ್ನಾಗಿದ್ದ ಶೆಲ್ ಸ್ಟಾಪನ್ನು ಮನೆಯಲ್ಲಿ ಉಜ್ಜಿ ಕೆಡಿಸಿ ತಂದವರನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಉಜ್ಜಿ ತೆಗೆದ ಲೋಹವನ್ನು ಮತ್ತೆ ಅಂಟಿಸಲು ಬರುವುದಿಲ್ಲ. ಆ ಪಟ್ಟಿಯ ತುದಿ ಕೂದಲೆಳೆಯಷ್ಟು ಸವೆದರೂ ತೋಟಾದ ಬುಡದ ಅಂಚು ಜಾರಿ ಎರಡೆರಡು ಬರತೊಡಗುತ್ತವೆ. ಗಟ್ಟಿ ಸ್ಪ್ರಿಂಗ್‌ನಿಂದ ನಿಮಗೆ ಈಗಾಗಲೇ ಅದೇ ಆಗುತ್ತಿದೆ: ಒತ್ತಡ ಹೆಚ್ಚಾದಷ್ಟೂ ಎರಡನೆಯ ತೋಟಾ ತಡೆಯನ್ನು ತಳ್ಳಿಕೊಂಡು ಬರಲು ನೋಡುತ್ತದೆ. ನಾಲ್ಕನೆಯದು ಹೋಗದಿರುವುದಕ್ಕೂ ಸ್ಪ್ರಿಂಗೇ ಕಾರಣ. ಉದ್ದ ಹೆಚ್ಚಾದಾಗ ಸುರುಳಿಗಳೆಲ್ಲ ಒಂದಕ್ಕೊಂದು ತಾಗಿ ಗೂಟದಂತೆ ನಿಂತುಬಿಡುತ್ತವೆ, ಮುಂದೆ ಒತ್ತಲು ಜಾಗವೇ ಇರುವುದಿಲ್ಲ. ಅದನ್ನು ತೆಗೆದಿಡಿ.

ಯಾವ ತೋಟಾ ನಿಲ್ಲುತ್ತದೆ ಎಂಬುದನ್ನು ಮೊದಲು ಗಮನಿಸಬೇಕು. ಎಲ್ಲವೂ ನಿಲ್ಲುತ್ತಿದ್ದರೆ ಶೆಲ್ ಸ್ಟಾಪನ್ನೋ ತೋಟಾವನ್ನೋ ಅನುಮಾನಿಸುತ್ತೇನೆ. ಕೊನೆಯದು ಮಾತ್ರ ನಿಲ್ಲುತ್ತಿದ್ದರೆ ನನ್ನ ಕಣ್ಣು ಕೊಳವೆಯ ಹಿಂತುದಿಗೆ, ಲಿಫ್ಟರ್ ಪಕ್ಕದ ಆರು ಸೆಂಟಿಮೀಟರಿಗೆ ಹೋಗುತ್ತದೆ. ಕೊನೆಯ ತೋಟಾವನ್ನು ತಳ್ಳುವಾಗ ಫಾಲೋವರ್, ಅಂದರೆ ಸ್ಪ್ರಿಂಗ್ ತುದಿಯಲ್ಲಿದ್ದು ತೋಟಾವನ್ನು ತಳ್ಳುವ ಬಿಲ್ಲೆ, ಓಡಾಡುವುದು ಅಷ್ಟೇ ಜಾಗದಲ್ಲಿ. ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡು ಅದರ ಬಲ ಅತಿ ಕಡಿಮೆ ಇರುವುದೂ ಆಗಲೇ. ಸಿಡಿತದ ಮಸಿ ಮತ್ತು ಹಳೆಯ ಎಣ್ಣೆ ಬಂದು ಸೇರುವುದೂ ಅಲ್ಲಿಗೇ. ಬಾಯಿ ಕೆಳಗಿದ್ದಾಗ ಸುಮಾರು 45 ಗ್ರಾಂ ತೂಗುವ ತೋಟಾವನ್ನು ಸ್ಪ್ರಿಂಗ್ ಏರಿಗೆ ತಳ್ಳಬೇಕು.

ಹೀಗೆ ಮಾಡಿ. ಕೋವಿಯಲ್ಲಿ ಒಂದೂ ತೋಟಾ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಎರಡು ಸಲ ಖಚಿತ ಮಾಡಿಕೊಳ್ಳಿ. ಕನ್ನಡಕ ಹಾಕಿಕೊಂಡೇ ಮುಚ್ಚಳ ಬಿಚ್ಚಿ, ಏಕೆಂದರೆ ಸ್ಪ್ರಿಂಗ್ ಮುಖಕ್ಕೆ ಚಿಮ್ಮುತ್ತದೆ. ಸ್ಪ್ರಿಂಗ್ ಇಲ್ಲದೆ ಬರಿ ಫಾಲೋವರನ್ನು ಕೊಳವೆಗೆ ಬಿಡಿ. ಕೊಳವೆಯನ್ನು ನೆಟ್ಟಗೆ ಹಿಡಿದಾಗ ಅದು ತನ್ನ ಭಾರಕ್ಕೇ ಸರ್ರನೆ ಜಾರಿ ಕೆಳಗೆ ಟಕ್ ಎಂದು ಬಡಿಯಬೇಕು. ಎಲ್ಲಿ ನಿಧಾನವಾಗುತ್ತದೋ, ಎಲ್ಲಿ ಓರೆಯಾಗಿ ಕಚ್ಚುತ್ತದೋ, ಅಲ್ಲೇ ನಿಮ್ಮ ರೋಗವಿದೆ.

ತೊಳೆಯುವಾಗ ಒಂದು ಮಾತು. 12 ಬೋರ್ ನಳಿಗೆಯ ಬ್ರಷ್ ಇಲ್ಲಿ ಸಾಲದು. ನಳಿಗೆಯ ಒಳವ್ಯಾಸ 18.5 ಮಿ.ಮೀ., ತೋಟಾದ ಬುಡದ ಅಂಚು 22 ಮಿ.ಮೀ.ಗಿಂತ ತುಸು ಹೆಚ್ಚು, ಅದು ಹಿಡಿಸುವ ಕೊಳವೆ ಇನ್ನೂ ಅಗಲ. ಬ್ರಷ್ ನಡುವೆ ತೇಲಿಕೊಂಡು ಹೋಗುತ್ತದೆ, ಗೋಡೆಗೆ ತಾಗುವುದಿಲ್ಲ. ಅದಕ್ಕೆ ಬಟ್ಟೆ ಸುತ್ತಿ ಬಿಗಿ ಮಾಡಿಕೊಂಡು ಉಜ್ಜಿ. ಕೊನೆಗೆ ಒಣಬಟ್ಟೆಯಿಂದ ಒರಸಿ ಹಾಗೇ ಬಿಡಿ. ಕೊಳವೆಯೊಳಗೆ ಎಣ್ಣೆ ಸುರಿದರೆ ನಾಲ್ಕೇ ದಿನದಲ್ಲಿ ಮತ್ತೆ ಮಸಿಯ ಗೋಂದು. ತುಕ್ಕು ತಡೆಯಲು ಎಣ್ಣೆ ಸವರಿದ ಬಟ್ಟೆ ಒಮ್ಮೆ ಆಡಿದರೆ ಸಾಕು.

ಆಮೇಲೆ ಕೋವಿ ತಯಾರಿಸಿದವರು ಕೊಟ್ಟ ಉದ್ದದ ಸ್ಪ್ರಿಂಗನ್ನೇ ಹೊಸದು ತಂದು ಹಾಕಿ. ಕೊಳವೆಯಲ್ಲಿ ತಗ್ಗು ಬಿದ್ದಿದ್ದರೆ, ಶೆಲ್ ಸ್ಟಾಪ್ ನಿಜವಾಗಿ ಸವೆದಿದ್ದರೆ, ಕೋವಿ ರಿಪೇರಿಯವರ ಕೈಗೇ ಕೊಡಿ.

ಜೋಡಿನಳಿಗೆ:

ನನ್ನದು ಕೊಳವೆಯಲ್ಲ, ಕೆಳಗಿನಿಂದ ಸಿಕ್ಕಿಸುವ ಪೆಟ್ಟಿಗೆ ಮ್ಯಾಗಜಿನ್. ಅಲ್ಲಿ ತೋಟಾದ ಬುಡದ ಅಂಚೇ ಕಾಟ: ಮೇಲಿನದರ ಅಂಚು ಕೆಳಗಿನದರ ಅಂಚಿನ ಹಿಂದೆ ಸಿಕ್ಕಿಕೊಂಡರೆ ಮೇಲಿನದು ಮುಂದೆ ಸರಿಯುವುದಿಲ್ಲ. ತುಂಬುವಾಗ ಪ್ರತಿಯೊಂದನ್ನೂ ಕೆಳಗಿನದಕ್ಕಿಂತ ತುಸು ಮುಂದಕ್ಕೆ ಕೂರಿಸುತ್ತೇನೆ. ವಾರಗಟ್ಟಲೆ ತುಂಬಿಟ್ಟರೆ ಪ್ಲಾಸ್ಟಿಕ್ ಮೈ ಚಪ್ಪಟೆಯಾಗುತ್ತದೆ. ಅದರಿಂದಲೂ ಎಷ್ಟೋ ಸಲ ತೋಟಾ ಸಿಕ್ಕಿಕೊಂಡಿದೆ.

ತಟ್ಟೆಗುರಿ:

ಹಳೆಗೈ ಅವರೇ, ನಿಮಗೆ ತುಂಬಾ ಋಣಿ. ಫಾಲೋವರ್ ನೆಟ್ಟಗೆ ಇಳಿದು ಹಿಂತುದಿಯಿಂದ ಮೂರು ಬೆರಳಿನಷ್ಟು ಮೇಲೆ ಗಕ್ಕನೆ ನಿಂತಿತು. ಟಾರ್ಚ್ ಹಾಕಿ ನೋಡಿದರೆ ಕೊಳವೆಯ ಸುತ್ತ ಕರಿಬಳೆ ತೊಡಿಸಿದಂತೆ ಕಿಟ್ಟ ಕಟ್ಟಿತ್ತು. ಬಟ್ಟೆ ಸುತ್ತಿದ ಬ್ರಷ್ಷಿನಿಂದ ಉಜ್ಜಿ ಉಜ್ಜಿ ನಾಲ್ಕನೆಯ ಬಟ್ಟೆಗೆ ಬಿಳುಪು ಉಳಿಯಿತು. ಕೆಳಗೆ ತೆಳುವಾದ ತುಕ್ಕಿನ ಗೆರೆಯೂ ಇತ್ತು. ಮೂಲ ಉದ್ದದ ಹೊಸ ಸ್ಪ್ರಿಂಗ್ ಹಾಕಿದೆ, ನಾಲ್ಕೂ ತೋಟಾ ಹಿಡಿಯುತ್ತವೆ.

ಸಿಡಿಯದ ಡಮ್ಮಿ ತೋಟಾಗಳಿಂದ ಬಾಯಿ ಕೆಳಗೆ ಮಾಡಿ ಇಪ್ಪತ್ತು ಸಲ ಪಂಪ್ ಮಾಡಿದೆ, ಒಂದೂ ನಿಲ್ಲಲಿಲ್ಲ. ಶೆಲ್ ಸ್ಟಾಪನ್ನು ಮುಟ್ಟಿಲ್ಲ.

ಹಳೆಗೈ:

ಒಳ್ಳೆಯದಾಯಿತು. ಡಮ್ಮಿ ಯಾವುದು? ಟೊಳ್ಳು ಪ್ಲಾಸ್ಟಿಕ್ಕಿನದಾದರೆ ಭಾರವೇ ಇರುವುದಿಲ್ಲ, ಸ್ಪ್ರಿಂಗಿಗೆ ಅದು ಪರೀಕ್ಷೆಯೇ ಅಲ್ಲ. ನಿಜವಾದ ತೋಟಾದಷ್ಟು ತೂಗುವ ಡಮ್ಮಿ ತಂದು ಇನ್ನೊಮ್ಮೆ ನೋಡಿ. ಫಾಲೋವರಿನ ಅಂಚಿನ ಮೇಲೆ ಉಗುರು ಆಡಿಸಿ, ಆ ತುಕ್ಕಿಗೆ ತಾಗಿ ಕಚ್ಚು ಬಿದ್ದಿದ್ದರೆ ಅದನ್ನೂ ಬದಲಿಸಿ.