ಬಡಗಿಗೆ ಬೇಡದ ಪರವಾನಗಿ ವೈರ್‌ಮನ್‌ಗೆ ಏಕೆ ಬೇಕು?

ದಾವಣಗೆರೆಯ ಬಡಗಿ:
ಹತ್ತೊಂಬತ್ತು ವರ್ಷಗಳಿಂದ ಮರಗೆಲಸ ಮಾಡುತ್ತಿದ್ದೇನೆ. ಉಳಿ ಹಿಡಿಯಲು ಅನುಮತಿ ಇದೆಯೇ ಎಂದು ಯಾರೂ ಕೇಳಿಲ್ಲ. ಅದೇ ಮನೆಯಲ್ಲಿ ವೈರಿಂಗ್ ಮಾಡುವ ನನ್ನ ತಂಗಿಯ ಮಗನಿಗೆ ಮಾತ್ರ ಪರ್ಮಿಟ್ ಬೇಕು. ಸರ್ಕಾರ ಇದನ್ನು ಯಾವ ಲೆಕ್ಕದಲ್ಲಿ ತೀರ್ಮಾನಿಸುತ್ತದೆ?

ಕಾನೂನು ವಿದ್ಯಾರ್ಥಿನಿ:
ಇಷ್ಟಪಟ್ಟ ಕಸುಬು ಮಾಡುವ ಹಕ್ಕನ್ನು ಸಂವಿಧಾನದ 19(1)(ಜಿ) ವಿಧಿ ಕೊಡುತ್ತದೆ. ಅದಕ್ಕೆ ಬೇಕಾದ ಅರ್ಹತೆಯನ್ನು ಕಾನೂನಿನ ಮೂಲಕ ಗೊತ್ತುಪಡಿಸಬಹುದು ಎಂದು 19(6) ಹೇಳುತ್ತದೆ. ಬಿಗಿ ಎಲ್ಲ ಕಡೆ ಒಂದೇ ಅಲ್ಲ. ವೈದ್ಯರ ಚೀಟಿ ನೋಡಿ ಔಷಧ ಕೊಡುವ ಕೆಲಸವನ್ನು 1948ರ ಫಾರ್ಮಸಿ ಕಾಯ್ದೆ ನೋಂದಾಯಿತ ಫಾರ್ಮಸಿಸ್ಟರಿಗೇ ಮೀಸಲಿಟ್ಟಿದೆ. 1972ರ ವಾಸ್ತುಶಿಲ್ಪಿಗಳ ಕಾಯ್ದೆ ಕಾಯುವುದು ಹೆಸರನ್ನಷ್ಟೇ. ನೋಂದಣಿ ಇಲ್ಲದವರು ಕಟ್ಟಡದ ನಕ್ಷೆ ಬರೆಯಬಹುದು, ‘ಆರ್ಕಿಟೆಕ್ಟ್’ ಎಂದು ಕರೆದುಕೊಳ್ಳುವಂತಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ಹೀಗೆಂದು ಸ್ಪಷ್ಟಪಡಿಸಿತು.

ಹಾಸನದ ವೈರ್‌ಮನ್:
ಅಣ್ಣಾ, ನೀವು ಮಾಡಿದ ಬಾಗಿಲು ಚೌಕಟ್ಟಿಗೆ ಸರಿಯಾಗಿ ಕೂರದಿದ್ದರೆ ಮನೆಯವರು ಅಂದೇ ಹೇಳುತ್ತಾರೆ. ನನ್ನ ಕೆಲಸದ ಮೇಲೆ ಗಾರೆ ಬಿದ್ದರೆ ಮುಗಿಯಿತು, ಯಾರ ಕಣ್ಣಿಗೂ ಬೀಳದು. ಕಳೆದ ವರ್ಷ ಒಂದು ಬಚ್ಚಲುಮನೆಯಲ್ಲಿ ಗೀಸರ್ ಪಾಯಿಂಟ್ ಬಿಚ್ಚಿದೆ. ಸೋರಿದ ಕರೆಂಟನ್ನು ನೆಲಕ್ಕಿಳಿಸಿ ಶಾಕ್ ತಪ್ಪಿಸುವ ಅರ್ಥಿಂಗ್‌ನ ಹಸಿರು ವೈರನ್ನು ಎಲ್ಲಿಗೂ ಜೋಡಿಸದೆ, ಸುರುಳಿ ಸುತ್ತಿ ಪೆಟ್ಟಿಗೆಯ ಮೂಲೆಗೆ ತುರುಕಿದ್ದರು. ತುದಿಯ ಪ್ಲಾಸ್ಟಿಕ್ ಕೂಡ ಸುಲಿದಿರಲಿಲ್ಲ. ನೀರು ಚೆನ್ನಾಗಿಯೇ ಕಾಯುತ್ತಿದ್ದುದರಿಂದ ಮನೆಯವರಿಗೆ ಅನುಮಾನವೇ ಬಂದಿರಲಿಲ್ಲ. ಕೆಳಗೆ ಮಗುವಿನ ಪುಟ್ಟ ಸ್ನಾನದ ಮಣೆ ಇತ್ತು. ಅದನ್ನು ನೋಡಿ ನನ್ನ ಕೈ ನಡುಗಿತು.

ದುಡ್ಡು ಕೊಡುವವರಿಗೆ ತಪ್ಪು ಕಾಣದು, ಕಾಣುವ ಹೊತ್ತಿಗೆ ಜೀವವೇ ಹೋಗಿರಬಹುದು. ಅಂಥ ಕಸುಬಿಗೆ ಪರವಾನಗಿ ಇರಲೇಬೇಕು ಎನ್ನುತ್ತೇನೆ. ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮಗಳು ಗುತ್ತಿಗೆದಾರನಿಗೆ ಪರವಾನಗಿ, ಮೇಲ್ವಿಚಾರಕನಿಗೆ ಅರ್ಹತಾ ಪತ್ರ, ಕೆಲಸಗಾರನಿಗೆ ಪರ್ಮಿಟ್ ಎಂದು ಮೂರನ್ನೂ ಕೇಳುವುದು ಇದಕ್ಕೇ. ನನಗೆ ಸಂಕಟವಾಗಿದ್ದು ಬೇರೆ. ಆ ಮನೆಯ ವೈರಿಂಗ್ ಕಾಗದದ ಮೇಲೆ ಪರವಾನಗಿ ಇದ್ದ ಗುತ್ತಿಗೆದಾರರ ಸಹಿ ಇತ್ತು. ಅವರು ಆ ಪೆಟ್ಟಿಗೆಯನ್ನೊಮ್ಮೆ ಬಿಚ್ಚಿ ನೋಡಿದ್ದರೆ ಹಸಿರು ವೈರ್ ಹಾಗೆ ಉಳಿಯುತ್ತಿರಲಿಲ್ಲ. ನಿಮ್ಮ ಹುಡುಗನಿಗೆ ಹೇಳಿ: ಬೇರೆಯವರು ಮಾಡಿದ ಕೆಲಸಕ್ಕೆ ತನ್ನ ಪರ್ಮಿಟ್ ಸಂಖ್ಯೆಯನ್ನು ಎಂದಿಗೂ ಕೊಡಬಾರದು.

ದಾವಣಗೆರೆಯ ಬಡಗಿ:
ಹೇಳುತ್ತೇನೆ ತಮ್ಮಾ. ಟಿವಿ ಹಿಂದಿನ ಹಲಗೆ ಕೂರಿಸಲು ನಾನೂ ಗೋಡೆಗೆ ಡ್ರಿಲ್ ಹಾಕುತ್ತೇನೆ, ವೈರ್ ಎಲ್ಲಿ ಹೋಗಿದೆ ಎಂದು ಇಷ್ಟು ದಿನ ಅಂದಾಜಿನಲ್ಲೇ ನೋಡುತ್ತಿದ್ದೆ. ಸೋಮವಾರದ ಕೆಲಸಕ್ಕೆ ಮೊದಲು ಅವನನ್ನು ಕರೆದು, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆಸುತ್ತೇನೆ.