ಕೊಲೆಸ್ಟರಾಲ್ ಇಳಿದರೆ ಕಾರ್ಟಿಸಾಲ್ ಬತ್ತುತ್ತದೆಯೇ?

ಪ್ರಶ್ನೆ: ನಮಸ್ಕಾರ ಮೇಡಂ. ವಯಸ್ಸು 54, ಊರು ದಾವಣಗೆರೆ. ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿಸಿಕೊಂಡಾಗಿನಿಂದ ರಾತ್ರಿ ಊಟವಾದ ಮೇಲೆ ಕೊಲೆಸ್ಟರಾಲ್ ಇಳಿಸುವ ಅಟೊರ್ವಾಸ್ಟ್ಯಾಟಿನ್ ಮಾತ್ರೆ ನುಂಗುತ್ತಿದ್ದೇನೆ. ರಕ್ತದಲ್ಲಿ ಕೊಲೆಸ್ಟರಾಲ್ ಹೊತ್ತು ತಿರುಗುವ ಎಲ್‌ಡಿಎಲ್ ಈಗ 58. ಒಂದು ತಿಂಗಳಿಂದ ಮಧ್ಯಾಹ್ನವಾದರೆ ಸಾಕು, ಮೈಯಲ್ಲಿ ಕಸುವೇ ಇರುವುದಿಲ್ಲ. ಒತ್ತಡದ ಹಾರ್ಮೋನು ಕಾರ್ಟಿಸಾಲ್ ತಯಾರಾಗುವುದೇ ಕೊಲೆಸ್ಟರಾಲ್‌ನಿಂದ, ಅದನ್ನು ಇಳಿಸಿಕೊಂಡರೆ ಅಡ್ರಿನಲ್ ಗ್ರಂಥಿ ಬರಿದಾಗುತ್ತದೆ ಎಂದು ಒಂದು ವಿಡಿಯೊದಲ್ಲಿ ಕೇಳಿದೆ. ಮಾತ್ರೆ ಬಿಡಲೇ?

ಉತ್ತರ: ಬಿಡಬೇಡಿ. ಉಳಿದದ್ದು ಆಮೇಲೆ.

ವಿಡಿಯೊದ ಮೊದಲರ್ಧ ನಿಜ. ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತಿರುವ ಈ ಅಡ್ರಿನಲ್ ಗ್ರಂಥಿಗಳು ಒಂದೊಂದೂ ತೂಗುವುದು ನಾಲ್ಕೈದು ಗ್ರಾಂ. ಎಂಬಿಬಿಎಸ್ ಓದುವಾಗ ಶವಪರೀಕ್ಷೆಯಲ್ಲಿ ಒಂದನ್ನು ಸೀಳಿದ್ದನ್ನು ನೋಡಿದ್ದೆ. ಹೊರಪದರ ಅರಿಸಿನ ಕಲಸಿದ ಬೆಣ್ಣೆಯ ಹಾಗೆ ಹಳದಿ, ಒಳತಿರುಳು ಕಂದು. ಆ ಹಳದಿಯೇ ಕೊಬ್ಬಿನ ದಾಸ್ತಾನು, ಬಹುಪಾಲು ಕೊಲೆಸ್ಟರಾಲ್. ಸೂಕ್ಷ್ಮದರ್ಶಕದಲ್ಲಿ ಅಲ್ಲಿನ ಜೀವಕೋಶಗಳು ನೊರೆ ತುಂಬಿದಂತೆ ಕಾಣುತ್ತವೆ. ಸ್ಲೈಡ್ ತಯಾರಿಸುವಾಗ ಕೊಬ್ಬಿನ ಹನಿಗಳು ಕರಗಿ ಹೋಗಿ ತೂತುಗಳಷ್ಟೇ ಉಳಿದಿರುತ್ತವೆ.

ಗ್ರಂಥಿ ಕಾರ್ಟಿಸಾಲನ್ನು ಮಾಡಿ ಕೂಡಿಡುವುದಿಲ್ಲ. ಕೂಡಿಡುವುದು ಕಚ್ಚಾ ಸಾಮಗ್ರಿಯನ್ನು. ಜ್ವರವೋ ಅಪಘಾತವೋ ಆದಾಗ ಮಿದುಳಿನ ಬುಡದ ಪಿಟ್ಯುಟರಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಬರುತ್ತದೆ. ಕೂಡಲೇ ಒಂದು ಕಿಣ್ವ ಕೊಬ್ಬಿನ ಹನಿಗಳಿಂದ ಕೊಲೆಸ್ಟರಾಲನ್ನು ಬಿಡಿಸುತ್ತದೆ, ಕೆಲವೇ ನಿಮಿಷಗಳಲ್ಲಿ ಕಾರ್ಟಿಸಾಲ್ ರಕ್ತಕ್ಕೆ ಇಳಿಯುತ್ತದೆ. ಕರೆ ಮುಂದುವರಿದರೆ ಗ್ರಂಥಿಯು ರಕ್ತದಿಂದ ಹೆಚ್ಚು ಎಲ್‌ಡಿಎಲ್ ಎಳೆದುಕೊಳ್ಳುತ್ತದೆ, ಸಾಲದಿದ್ದರೆ ತಾನೇ ಕೊಲೆಸ್ಟರಾಲ್ ತಯಾರಿಸಿಕೊಳ್ಳುತ್ತದೆ.

ವಿಡಿಯೊ ಎಡವಿದ್ದು ಲೆಕ್ಕದಲ್ಲಿ. ದಿನಕ್ಕೆ ತಯಾರಾಗುವ ಕಾರ್ಟಿಸಾಲ್ ಸುಮಾರು 10ರಿಂದ 20 ಮಿಲಿಗ್ರಾಂ. ನಿಮ್ಮ ರಕ್ತದ ದ್ರವಭಾಗವಾದ ಪ್ಲಾಸ್ಮಾ ಮೂರು ಲೀಟರ್ ಎಂದಿಟ್ಟುಕೊಂಡರೆ, ಎಲ್‌ಡಿಎಲ್ ಪ್ರತಿ 100 ಮಿಲಿಲೀಟರಿಗೆ 58 ಮಿಲಿಗ್ರಾಂ ಇದ್ದರೂ ಅದರೊಳಗೆ ಓಡಾಡುತ್ತಿರುವ ಕೊಲೆಸ್ಟರಾಲ್ ಸುಮಾರು 1,700 ಮಿಲಿಗ್ರಾಂ! ನಿಮ್ಮದರಂಥ ಸ್ಟ್ಯಾಟಿನ್ ಮಾತ್ರೆ ನುಂಗುವವರಲ್ಲಿ ಕಾರ್ಟಿಸಾಲ್ ಲೆಕ್ಕಕ್ಕೆ ಸಿಗುವಷ್ಟು ಕುಸಿಯುವುದಿಲ್ಲ ಎಂಬುದನ್ನು ಅಳೆದೇ ನೋಡಿದ್ದಾರೆ.

ಇನ್ನೊಬ್ಬ ಸದಸ್ಯರು: ಹಾಗಾದರೆ ಮೊಟ್ಟೆ, ತುಪ್ಪ ಹೆಚ್ಚು ತಿಂದರೆ ಒತ್ತಡ ತಡೆಯುವ ಶಕ್ತಿ ಹೆಚ್ಚುತ್ತದೆಯೇ ಡಾಕ್ಟರೇ?

ಉತ್ತರ: ಇಲ್ಲ. ಕಣಜ ತುಂಬಿದ ಮಾತ್ರಕ್ಕೆ ಅಕ್ಕಿಯಾಗುವುದಿಲ್ಲ, ಮೂಟೆ ಹೊತ್ತು ಗಿರಣಿಗೆ ಹಾಕುವ ಹಮಾಲ ಬೇಕು. ಇಲ್ಲಿ ಗಿರಣಿ ಎಂದರೆ ಜೀವಕೋಶದೊಳಗಿನ ಪುಟ್ಟ ಭಾಗವಾದ ಮೈಟೊಕಾಂಡ್ರಿಯಾದ ಒಳಪೊರೆ. ಅಲ್ಲಿಗೆ ಕೊಲೆಸ್ಟರಾಲನ್ನು ಸಾಗಿಸುವುದು ಸ್ಟಾರ್ ಎಂಬ ಪ್ರೋಟೀನು. ಕೆಲಸದ ವೇಗ ನಿಂತಿರುವುದು ಈ ಸಾಗಣೆಯ ಮೇಲೆ. ಹಮಾಲನನ್ನು ಎಬ್ಬಿಸುವುದೂ ಎಸಿಟಿಎಚ್ ಕರೆಯೇ, ತುಪ್ಪವಲ್ಲ.

ಇದಕ್ಕೆ ಸಾಕ್ಷಿ ನವಜಾತ ಶಿಶುಗಳಲ್ಲಿ ಕಾಣುವ ಒಂದು ಅಪರೂಪದ ಕಾಯಿಲೆ. ಜಪಾನ್, ಕೊರಿಯಾಗಳಲ್ಲಿ ಸ್ವಲ್ಪ ಹೆಚ್ಚು. ಈ ಮಕ್ಕಳ ಅಡ್ರಿನಲ್ ಕೊಲೆಸ್ಟರಾಲ್‌ನಿಂದ ಬಿರಿಯುವಷ್ಟು ತುಂಬಿ ಊದಿರುತ್ತದೆ, ಕಾರ್ಟಿಸಾಲ್ ಮಾತ್ರ ಇಲ್ಲವೆನ್ನುವಷ್ಟು ಕಡಿಮೆ. ಕೊಲೆಸ್ಟರಾಲನ್ನು ಕತ್ತರಿಸುವ ಕಿಣ್ವವೇ ಕೆಟ್ಟಿದೆ ಎಂದು ಬಹುಕಾಲ ನಂಬಿದ್ದರು. 1995ರಲ್ಲಿ ತಿಳಿಯಿತು: ಕಿಣ್ವ ಸರಿಯಿದೆ, ಸ್ಟಾರ್ ಜೀನ್ ಕೆಟ್ಟಿದೆ. ಗಿರಣಿ ಚೆನ್ನಾಗಿಯೇ ಇತ್ತು, ಹೊರುವವನಿರಲಿಲ್ಲ.

ಮೊದಲ ಪ್ರಶ್ನೆ ಕೇಳಿದವರಿಗೆ: ಮಧ್ಯಾಹ್ನದ ಸುಸ್ತಿಗೆ ರಕ್ತಹೀನತೆ, ಥೈರಾಯ್ಡ್, ಸಕ್ಕರೆ ಕಾಯಿಲೆ, ಕೆಟ್ಟ ನಿದ್ದೆ ಹೀಗೆ ಹತ್ತು ಕಾರಣಗಳಿವೆ. ಸ್ಟ್ಯಾಟಿನ್‌ನಿಂದ ಸ್ನಾಯುನೋವು ಬರುವುದುಂಟು, ಅದನ್ನೂ ನಿಮ್ಮ ಹೃದಯ ತಜ್ಞರಿಗೆ ಹೇಳಿ. ‘ಅಡ್ರಿನಲ್ ದಣಿವು’ ಎಂಬ ಕಾಯಿಲೆಯನ್ನು ಹಾರ್ಮೋನು ತಜ್ಞರು ಒಪ್ಪುವುದಿಲ್ಲ. ಅದು ಡಬ್ಬಿ ಮಾರುವವರ ಮಾತು. ನಿಜವಾದ ಅಡ್ರಿನಲ್ ಕೊರತೆಯಲ್ಲಿ ತೂಕ ಇಳಿಯುತ್ತದೆ, ಎದ್ದು ನಿಂತರೆ ತಲೆಸುತ್ತು, ವಾಂತಿ. ಗ್ರಂಥಿಯೇ ಹಾಳಾಗಿದ್ದರೆ ವಸಡು, ಅಂಗೈ ಗೆರೆಗಳು ಕಪ್ಪಾಗುತ್ತವೆ. ಬೇರೆ ಯಾವುದಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ?

ಪ್ರಶ್ನೆ ಕೇಳಿದವರು: ತಲೆಸುತ್ತು ಇದೆ ಮೇಡಂ, ವಸಡು ಕಪ್ಪಾಗಿಲ್ಲ. ಔಷಧಿ ಎಂದರೆ, ಮಂಡಿನೋವಿಗೆ ಒಬ್ಬರು ಕಾಗದದ ಪೊಟ್ಟಣದಲ್ಲಿ ಪುಡಿ ಕೊಡುತ್ತಿದ್ದರು. ಒಂದು ವರ್ಷ ದಿನವೂ ತೆಗೆದುಕೊಂಡೆ, ನೋವು ಮಾಯವಾಗಿತ್ತು. ಹೋದ ತಿಂಗಳು ನಿಲ್ಲಿಸಿದೆ.

ಉತ್ತರ: ಇದನ್ನು ನಾನು ಮೊದಲೇ ಕೇಳಬೇಕಿತ್ತು. ಇಂಥ ಹೆಸರಿಲ್ಲದ ಪುಡಿಗಳಲ್ಲಿ ಕಾರ್ಟಿಸಾಲ್‌ನಂತೆಯೇ ಕೆಲಸ ಮಾಡುವ ಸ್ಟೀರಾಯ್ಡ್ ಬೆರೆಸಿರುವುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ. ನಿಮ್ಮದರಲ್ಲೂ ಇತ್ತೆಂದು ಇಲ್ಲಿ ಕುಳಿತು ಹೇಳಲಾರೆ, ಆದರೆ ಅನುಮಾನ ಬಲವಾಗಿದೆ. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಿದ್ದರೆ ಪಿಟ್ಯುಟರಿ ಎಸಿಟಿಎಚ್ ಕಳಿಸುವುದನ್ನೇ ಬಿಡುತ್ತದೆ. ಕರೆಯಿಲ್ಲದೆ ಗ್ರಂಥಿ ಸೊರಗುತ್ತದೆ. ಪುಡಿಯನ್ನು ಏಕಾಏಕಿ ಬಿಟ್ಟಾಗ ಅದು ಏಳಲು ತಿಂಗಳುಗಳೇ ಹಿಡಿಯಬಹುದು.

ನಾಳೆಯೇ ಬೆಳಿಗ್ಗೆ ಎಂಟರ ಹೊತ್ತಿಗೆ ರಕ್ತ ಕೊಟ್ಟು ಕಾರ್ಟಿಸಾಲ್, ಸೋಡಿಯಂ, ಸಕ್ಕರೆ ಪರೀಕ್ಷೆ ಮಾಡಿಸಿ, ವರದಿ ಹಿಡಿದು ವೈದ್ಯರನ್ನು ಕಾಣಿ. ಕಾರ್ಟಿಸಾಲ್ ಅತ್ತಲೂ ಅಲ್ಲ ಇತ್ತಲೂ ಅಲ್ಲ ಎಂಬಂತೆ ಬಂದರೆ ಎಸಿಟಿಎಚ್ ಚುಚ್ಚುಮದ್ದು ಕೊಟ್ಟು ಮತ್ತೆ ಅಳೆಯುತ್ತಾರೆ. ಪುಡಿಯನ್ನು ನೀವಾಗಿ ಮತ್ತೆ ಶುರು ಮಾಡಬೇಡಿ. ಅಷ್ಟರೊಳಗೆ ವಾಂತಿಯಾದರೆ, ಜ್ವರ ಬಂದರೆ, ಕಣ್ಣು ಕತ್ತಲೆ ಕಟ್ಟಿದರೆ ಬೆಳಗಾಗಲಿ ಎಂದು ಕಾಯದೆ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ, ಒಳಗೆ ಕಾಲಿಟ್ಟ ಕೂಡಲೇ ಪುಡಿಯ ವಿಷಯ ಹೇಳಿ. ಪೊಟ್ಟಣ ಉಳಿದಿದ್ದರೆ ಅದನ್ನೂ ಒಯ್ಯಿರಿ.